ಪರದೇಶದ ಹೊಟ್ಟೆ

ನಿಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನು ಊಟ ಆಯಿತೇ ಎಂದು ಕೇಳುವುದು ಬರೀ ಉಪಚಾರಕ್ಕೆ ಎಂದು ಕೇಳಿದ್ದೇನೆ. ಉತ್ತರ ಏನೇ ಬರಲಿ, ಕೇಳಿದವರು ತಮ್ಮ ಪಾಡಿಗೆ ತಾವು ಮುಂದೆ ಹೋಗುತ್ತಾರಂತೆ. ನಮ್ಮೂರಲ್ಲಿ ಹಾಗಲ್ಲ. ಇಲ್ಲಿ ಆ ಪ್ರಶ್ನೆಯನ್ನು ಪಾಲುದಾರರು ಪಾಲುದಾರರಿಗೆ ಮಾತ್ರ ಕೇಳುತ್ತಾರೆ, ಸರಿಯಾದ ಉತ್ತರ ಬರುವವರೆಗೂ ಬಾಗಿಲು ಬಿಟ್ಟು ಕದಲುವುದಿಲ್ಲ. ಏಕೆಂದರೆ ನಮ್ಮೂರಲ್ಲಿ ಇಬ್ಬರು ಸೇರಿ ವ್ಯಾಪಾರಕ್ಕಿಳಿದು ನೋಂದಣಿ ಕಚೇರಿಯ ಪುಸ್ತಕದಲ್ಲಿ ಹೆಬ್ಬೆಟ್ಟೊತ್ತಿದರೆ, ಅಂದಿನಿಂದ ಒಬ್ಬರು ಉಂಡದ್ದು ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ. ರುಚಿ ಉಂಡವರ ನಾಲಿಗೆಯಲ್ಲಿ ಉಳಿಯುತ್ತದೆ, ತುಂಬುವುದು ಮಾತ್ರ ಪಾಲುದಾರರ ಹೊಟ್ಟೆ. ಬಾಯಿ ಚಪ್ಪರಿಸುವವರು ಒಬ್ಬರು, ತೇಗುವವರು ಇನ್ನೊಬ್ಬರು. ಅಜ್ಜ ಮುತ್ತಜ್ಜನ ಕಾಲದಿಂದಲೂ ಇದು ಹೀಗೇ ನಡೆದುಕೊಂಡು ಬಂದಿದೆ.

ಹೊರಗಿನವರು ಇದನ್ನು ಕೇಳಿ ಕಣ್ಣು ಕಣ್ಣು ಬಿಡುತ್ತಾರೆ. ನಮಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣುವುದಿಲ್ಲ. ಹೊಟ್ಟೆನೋವೆಂದು ವೈದ್ಯರ ಹತ್ತಿರ ಹೋದರೆ ಅವರು ನಮ್ಮ ನಾಲಿಗೆ ನೋಡುವುದಿಲ್ಲ, ಪಾಲುದಾರರನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಬಟ್ಟೆ ಅಂಗಡಿಯ ಅಡವೀಶಪ್ಪನಿಗೂ ರೇವಣ್ಣನಿಗೂ ಮನಸ್ತಾಪ ಬಂದಾಗ ರೇವಣ್ಣ ಎರಡು ದಿನ ಉಪವಾಸ ಕೂತು ಅಡವೀಶಪ್ಪನನ್ನು ಹಸಿವಿನಿಂದ ಒದ್ದಾಡಿಸಿದ. ಮೂರನೆಯ ದಿನ ಅಡವೀಶಪ್ಪ ಒಂದು ಲೋಟ ಹರಳೆಣ್ಣೆ ಕುಡಿದು ಗಲ್ಲಾಪೆಟ್ಟಿಗೆಯ ಹಿಂದೆ ನಿಶ್ಚಿಂತೆಯಾಗಿ ಕೂತುಬಿಟ್ಟ. ರೇವಣ್ಣ ಅಂದು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮರುದಿನ ರಾಜಿಯಾಯಿತು. ಇಂಥ ರಾದ್ಧಾಂತ ಬೇಡವೆಂದೇ ನಮ್ಮಲ್ಲಿ ಹೆಬ್ಬೆಟ್ಟೊತ್ತುವ ಮೊದಲು ಎಂಟು ದಿನ ಇಬ್ಬರೂ ಎದುರುಬದುರು ಕೂತು ಉಣ್ಣಬೇಕೆಂಬ ಪದ್ಧತಿ ಇದೆ. ಅದನ್ನು ಎಂಟೂಟ ಎನ್ನುತ್ತೇವೆ. ಯಾರು ಅಗಿದು ತಿನ್ನುತ್ತಾರೆ, ಯಾರು ಗುಳುಂ ಎನಿಸುತ್ತಾರೆ, ಯಾರಿಗೆ ಖಾರದ ಚಪಲ ಎಂದು ಹಿರಿಯರು ಪಕ್ಕದಲ್ಲಿ ಕೂತು ನೋಡುತ್ತಾರೆ. ಬಂಡವಾಳದ ಮಾತು ಬರುವುದು ಎಂಟನೆಯ ದಿನ, ಎಲೆ ಎತ್ತಿದ ಮೇಲೆ.

ನನ್ನ ಹೆಸರು ಸರ್ವಮಂಗಳ. ದೇವೀರಮ್ಮ ಮತ್ತು ನಾನು ಇಪ್ಪತ್ತೆರಡು ವರ್ಷ ಸೀರಣಿಗೆ ಮಾಡಿ ಮಾರಿದವರು. ಸೀರಣಿಗೆ ಎಂದರೆ ಹೇನು, ಸೀರು ತೆಗೆಯುವ ಒತ್ತು ಹಲ್ಲಿನ ಮರದ ಬಾಚಣಿಗೆ. ನಮ್ಮದು ಜೋಡಿ ಗಿಳಿ ಗುರುತು. ಹಲ್ಲು ಕೊಯ್ಯುವವಳು ದೇವೀರಮ್ಮ, ಊರೂರು ತಿರುಗಿ ಮಾರುವವಳು ನಾನು. ಒಂದು ಬೆರಳಗಲದಲ್ಲಿ ಇಪ್ಪತ್ತು ಹಲ್ಲು ಕೊಯ್ಯುತ್ತಿದ್ದಳು ಪುಣ್ಯಾತ್ಗಿತ್ತಿ, ಒಂದೂ ಮುರಿಯುತ್ತಿರಲಿಲ್ಲ. ಒಮ್ಮೆ ತಲೆಗೆ ಹಾಕಿ ಎಳೆದರೆ ಹೇನು ತನ್ನ ಸಂಸಾರ ಸಮೇತ ಹೊರಗೆ ಬರುತ್ತಿತ್ತು. ಸುತ್ತಲಿನ ಹತ್ತು ಊರುಗಳ ತಲೆಗಳನ್ನು ನಾವಿಬ್ಬರೇ ಕಾಯುತ್ತಿದ್ದೆವು ಎಂದರೆ ಜಂಬವಲ್ಲ.

ದೇವೀರಮ್ಮ ಉಣ್ಣುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು. ಹನ್ನೆರಡೂವರೆಗೆ ಸರಿಯಾಗಿ ಗರಗಸ ಕೆಳಗಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಣೆ ಹಾಕಿ ಕೂರುತ್ತಿದ್ದಳು. ಅನ್ನವನ್ನು ಹದವಾಗಿ ಕಲೆಸಿ ಒಂದೊಂದು ತುತ್ತನ್ನೂ ಅಗಿದು ಅಗಿದು ನುಂಗುತ್ತಿದ್ದಳು. ನಾನು ಯಾವ ಊರಿನ ಯಾವ ಸಂತೆಯಲ್ಲಿದ್ದರೂ ಒಂದು ಗಂಟೆಯ ಹೊತ್ತಿಗೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಅಷ್ಟು ವರ್ಷದಲ್ಲಿ ಒಂದು ದಿನ ನನಗೆ ಹುಳಿತೇಗು ಬಂದದ್ದಿಲ್ಲ. ಜ್ವರ ಬಂದು ಮಲಗಿದರೂ ಅವಳು ಗಂಜಿ ಬಿಟ್ಟವಳಲ್ಲ. ಅವಳ ಗಂಡ ತೀರಿಕೊಂಡ ದಿನ ನಾನು ಅವರ ಜಗುಲಿಯಲ್ಲಿ ಕೂತಿದ್ದೆ. ಬೆಳಿಗ್ಗೆಯಿಂದ ಹೊಟ್ಟೆ ಚುರುಗುಟ್ಟುತ್ತಿತ್ತು, ಇಂಥ ಹೊತ್ತಲ್ಲೂ ಹಸಿಯುತ್ತದಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಗಿತ್ತು. ಹೆಣ ಎತ್ತಿದ ಮೇಲೆ ದೇವೀರಮ್ಮ ಅಡುಗೆಮನೆಯ ಮೂಲೆಗೆ ಹೋಗಿ ಮೊಸರನ್ನದ ನಾಲ್ಕು ತುತ್ತು ತಿಂದಳು. ಅವಳ ನಾದಿನಿ, ಗಂಡ ಹೋದ ದಿನ ಇವಳಿಗೆ ಅನ್ನ ಹೇಗೆ ಇಳಿಯುತ್ತದೋ ಎಂದು ಮೂಗು ಮುರಿದಳು. ಇಳಿದದ್ದು ನನ್ನ ಹೊಟ್ಟೆಗೆ. 

ಹೀಗಿರುವಾಗ ಊರಿಗೆ ಪರದೇಶ ವ್ಯಾಪಾರ ಪ್ರೋತ್ಸಾಹಕ ಮಂಡಳಿ ಬಂತು. ಅದರ ಕಾರ್ಯದರ್ಶಿ ಪಂಚಾಕ್ಷರಿ. ಇಸ್ತ್ರಿ ಕೆಡದ ಅಂಗಿ, ಕೆಡದ ನಗೆ. ಪಾಲುದಾರಿಕೆಯ ಬಗ್ಗೆ ದಿನಕ್ಕೆ ಮೂರು ಭಾಷಣ ಮಾಡುವ ಈ ಮಹಾನುಭಾವನಿಗೆ ಪಾಲುದಾರರು ಯಾರೂ ಇರಲಿಲ್ಲ. ತಾನು ಉಂಡದ್ದಕ್ಕೆ ತಾನೇ ತೇಗುವ ಊರಿನ ನಾಲ್ಕೈದು ಜನರಲ್ಲಿ ಅವನೂ ಒಬ್ಬ. ಕಲ್ಯಾಣಮಂಟಪದಲ್ಲಿ ಒಂದು ದಿನದ ಕಾರ್ಯಾಗಾರ ಇಟ್ಟು ಸಣ್ಣಪುಟ್ಟ ಕಸುಬಿನವರನ್ನೆಲ್ಲ ಕರೆಸಿದ.

"ನೋಡಿ, ನಿಮ್ಮದೆಲ್ಲ ಸಣ್ಣ ಕಂಪನಿ," ಎಂದು ಶುರುಮಾಡಿದ. "ಹೊರದೇಶದಲ್ಲಿ ನಿಮ್ಮನ್ನ ಯಾರು ಬಲ್ರು? ಅಲ್ಲಿ ಅಂಗಡಿ ಹಾಕೋ ತಾಕತ್ತಿಲ್ಲ, ಕಾನೂನು ಗೊತ್ತಿಲ್ಲ, ಭಾಷೆ ಬರಲ್ಲ. ಆದ್ರೆ ಅಲ್ಲೇ ಹುಟ್ಟಿ ಬೆಳೆದ ಒಬ್ಬ ಪಾಲುದಾರ ಸಿಕ್ಕಿದ ಅಂತಿಟ್ಕೊಳ್ಳಿ. ಅವನ ಅಂಗಡಿ ನಿಮ್ಮ ಅಂಗಡಿ. ಅವನ ಗಿರಾಕಿ ನಿಮ್ಮ ಗಿರಾಕಿ. ಅವನಿಗೆ ಗೊತ್ತಿರೋದೆಲ್ಲ ನಿಮಗೆ ಗೊತ್ತಿದ್ದಂಗೇ."

"ಅವನ ಊಟ?" ಎಂದು ಹಿಂದಿನ ಸಾಲಿನಿಂದ ಹಪ್ಪಳ ಮಾಡುವ ಪುಟ್ಟಗೌರಮ್ಮ ಕೇಳಿದಳು.

"ಊಟದ ವಿಷಯ ಊಟದ ಬಿಡುವಲ್ಲಿ ಮಾತಾಡಣ ತಾಯಿ," ಎಂದ ಪಂಚಾಕ್ಷರಿ. ಊಟದ ಬಿಡುವಿನಲ್ಲಿ ಅವನು ಮೊದಲ ಪಂಕ್ತಿಯಲ್ಲಿ ಕೂತು, ಮೂರು ಸಲ ಪಾಯಸ ಹಾಕಿಸಿಕೊಂಡ. ಯಾರೊಂದಿಗೂ ಮಾತಾಡಲಿಲ್ಲ.

ಅವನು ನನ್ನನ್ನು ಕೆಡಿಸಿದ ಎಂದರೆ ಸುಳ್ಳಾಗುತ್ತದೆ. ಆಸೆ ನನ್ನದೇ, ಅವನು ಬರೀ ಗಾಳಿ ಹಾಕಿದ. ಮದುವೆಯ ಗೋಜಿಗೆ ಹೋಗದೆ ಇಪ್ಪತ್ತೆರಡು ವರ್ಷ ಅದೇ ಹತ್ತು ಊರು, ಅದೇ ಸಂತೆ, ಅದೇ ಕೆದರಿದ ತಲೆಗಳನ್ನು ನೋಡಿದ್ದವಳು ನಾನು. ನಮ್ಮ ಜೋಡಿ ಗಿಳಿ ಸಮುದ್ರ ದಾಟಿ ಯಾವುದೋ ಗಾಜಿನ ಅಂಗಡಿಯಲ್ಲಿ ಕೂರುತ್ತದೆ ಎಂದ ಕೂಡಲೇ ನನ್ನ ತಲೆ ನಿಲ್ಲಲಿಲ್ಲ. ತಿಂಗಳೊಳಗೆ ಪಂಚಾಕ್ಷರಿ ಒಬ್ಬ ಪಾಲುದಾರನನ್ನು ಹುಡುಕಿ ತಂದ. ಹೆಸರು ಗುಸ್ತಾವ್. ಬಾಚಣಿಗೆ, ತಲೆಯೆಣ್ಣೆ ಮಾರುವ ಕಂಪನಿಯ ಯಜಮಾನ. ಫೋಟೋದಲ್ಲಿ ಎತ್ತರಕ್ಕೆ, ಸಪೂರಕ್ಕೆ ಇದ್ದ. ಕೋಟು ಅವನ ಮೈಮೇಲಿರದೆ ಗೂಟಕ್ಕೆ ನೇತುಹಾಕಿದಂತಿತ್ತು. ಎಂಟೂಟಕ್ಕೆ ಕೂರುವ ಹಿರಿಯರಲ್ಲಿ ಯಾರಾದರೂ ಆ ಫೋಟೋ ನೋಡಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ನಾನು ಅವನ ಹಿಂದಿದ್ದ ಗಾಜಿನ ಅಂಗಡಿಯನ್ನು ನೋಡುತ್ತಿದ್ದೆ.

"ಎಂಟೂಟ ಯಾವಾಗ?" ಎಂದು ಕೇಳಿದೆ.

"ಅವರಿಗೆ ಎಂಟು ದಿನ ಎಲ್ಲಿ ಬಿಡುವು ಅಕ್ಕ? ಪರಿಶೀಲನೆ ಎಲ್ಲ ಈಮೇಲಲ್ಲೇ ಮುಗಿದಿದೆ. ಹೆಬ್ಬೆಟ್ಟಿನ ಗುರುತೂ ಅಂಚೇಲೇ ಕಳಿಸ್ತಾರಂತೆ."

"ಏನು ತಿಂತಾನಂತೆ?"

"ಆರೋಗ್ಯಕ್ಕೆ ಒಳ್ಳೇದಾಗಿರೋದನ್ನೇ ತಿಂತಾರಂತೆ," ಎಂದ ಪಂಚಾಕ್ಷರಿ. ಅದನ್ನು ಕೇಳಿ ನನಗೆ ಸಮಾಧಾನವೂ ಆಯಿತು.

ತೊಡಕು ಇದ್ದದ್ದು ಒಂದೇ. ನಮ್ಮ ಪುಸ್ತಕದಲ್ಲಿ ಒಬ್ಬರ ಎದುರಿಗೆ ಒಂದೇ ಹೆಸರು ಬರೆಯುತ್ತಾರೆ. ಗುಸ್ತಾವನ ಹೆಸರು ಬರಬೇಕಾದರೆ ದೇವೀರಮ್ಮನದನ್ನು ಹೊಡೆದುಹಾಕಬೇಕು. "ಅವರನ್ನ ಸಿಬ್ಬಂದಿ ಅಂತ ತೋರಿಸಿದ್ರಾಯ್ತು," ಎಂದ ಪಂಚಾಕ್ಷರಿ. ಹೇಳಲು ಹೋದಾಗ ದೇವೀರಮ್ಮ ಹೊಸ ಮರವನ್ನು ಮಡಿಲಲ್ಲಿಟ್ಟುಕೊಂಡು ಗೆರೆ ಎಳೆಯುತ್ತಿದ್ದಳು. ನಾನು ಸುತ್ತಿ ಬಳಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಎಷ್ಟು ದಿನದಿಂದ ಇದು ತಲೇಲಿತ್ತು?"

"ಒಂದು ತಿಂಗಳಿಂದ."

"ಅದಕ್ಕೇ ಒಂದು ತಿಂಗಳಿಂದ ನನ್ನ ಮುಖ ನೋಡಿ ಮಾತಾಡ್ತಿರ್ಲಿಲ್ಲ," ಎಂದಳು. ಇನ್ನೊಂದು ಗೆರೆ ಎಳೆದು, "ನಾಳೆ ಕಚೇರಿಗೆ ಎಷ್ಟು ಗಂಟೆಗೆ ಹೋಗ್ಬೇಕು?" ಎಂದು ಕೇಳಿದಳು.

"ಹನ್ನೊಂದಕ್ಕೆ."

"ಹಂಗಾದ್ರೆ ನಾನು ಹತ್ತಕ್ಕೇ ಉಣ್ತೀನಿ. ನೀನು ಖಾಲಿ ಹೊಟ್ಟೇಲಿ ಹೋಗಿ ಹೆಬ್ಬೆಟ್ಟು ಒತ್ತಬೇಡ."

ಮರುದಿನ ಎರಡು ಮುದ್ದೆ, ಅವರೆಕಾಳಿನ ಸಾರು, ಮೇಲೆ ಮಜ್ಜಿಗೆ ಉಂಡಳಂತೆ. ಕಚೇರಿಯ ಮೆಟ್ಟಿಲು ಹತ್ತುವಾಗ ನನ್ನ ಹೊಟ್ಟೆ ಬೆಚ್ಚಗೆ ತುಂಬಿಕೊಂಡಿತ್ತು. ಆ ತುಂಬಿದ ಹೊಟ್ಟೆಯಲ್ಲೇ ನಾನು ಅವಳ ಹೆಸರು ಹೊಡೆಸಿಹಾಕಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ವ್ಯಾಪಾರವೇನೋ ಕುದುರಿತು, ಅದನ್ನು ಇಲ್ಲ ಎನ್ನಲಾರೆ. ಪಂಚಾಕ್ಷರಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಯಾವ ಬಂದರಿಗೆ ಹೋಗಬೇಕು, ಯಾವ ಕಾಗದಕ್ಕೆ ಎಲ್ಲಿ ಮುದ್ರೆ ಬೀಳಬೇಕು, ಯಾವ ಅಂಗಡಿಯ ಯಾವ ಎತ್ತರದಲ್ಲಿಟ್ಟರೆ ಜನ ಕೈ ಹಾಕುತ್ತಾರೆ ಎಂಬುದೆಲ್ಲ ಗುಸ್ತಾವನಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ನಾನು ಇಡೀ ಜನ್ಮ ತಿರುಗಿದರೂ ಕಲಿಯಲಾಗದ್ದು ಅದು. ಆರು ತಿಂಗಳಲ್ಲಿ ಜೋಡಿ ಗಿಳಿ ಹನ್ನೊಂದು ಪಟ್ಟಣಗಳಲ್ಲಿ ಕೂತಿತ್ತು. ಆದರೆ ಆ ದೇಶದವರಿಗೆ ತಲೆಯಲ್ಲಿ ಹೇನಿಲ್ಲವಂತೆ, ಇದ್ದರೂ ಅಂಗಡಿಯಲ್ಲಿ ಆ ಮಾತು ಎತ್ತುವಂತಿಲ್ಲವಂತೆ. ಹಾಗಾಗಿ ನಮ್ಮ ಸೀರಣಿಗೆಗೆ ನೆತ್ತಿಯ ನೆಮ್ಮದಿ ಎಂದು ಹೆಸರಾಯಿತು. ಒತ್ತು ಹಲ್ಲು ಕಂಡರೆ ಗಿರಾಕಿಗೆ ಅನುಮಾನ ಬರುತ್ತದೆಂದು ಹಲ್ಲುಗಳನ್ನು ಅಗಲ ಮಾಡಲು ಅಪ್ಪಣೆ ಬಂತು.

ದೇವೀರಮ್ಮ ಹೊಸ ನಮೂನೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇಷ್ಟು ಅಗಲ ಬಿಟ್ರೆ ಹೇನು ನಡುವೆ ನಿಂತ್ಕೊಂಡು ಕೈ ಬೀಸುತ್ತೆ," ಎಂದಳು. ಮೂರು ವಾರ ಅದನ್ನೇ ಕೊಯ್ದಳು. ನಾಲ್ಕನೆಯ ವಾರ ತನ್ನ ಗರಗಸವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಹೋದವಳು ಮತ್ತೆ ಬರಲಿಲ್ಲ. ತನ್ನ ಜಗುಲಿಯ ಮೇಲೇ ಹಳೆಯ ಸೀರಣಿಗೆ ಕೊಯ್ಯತೊಡಗಿದ್ದಾಳೆಂದು ಸುದ್ದಿ ಬಂತು. ಅಗಲ ಹಲ್ಲಿಗೆ ಅವಳ ಕೈಯೇ ಬೇಕಿರಲಿಲ್ಲ, ಕೂಲಿಯವರು ಸಾಕಾದರು.

ಅಷ್ಟರಲ್ಲಿ ನನ್ನ ಹೊಟ್ಟೆಯ ಪಾಡು ಹೇಳತೀರದಾಗಿತ್ತು. ಗುಸ್ತಾವ್ ಬೆಳಿಗ್ಗೆ ಒಂದು ಲೋಟ ಹಸಿರು ರಸ ಕುಡಿಯುತ್ತಿದ್ದ, ಮಧ್ಯಾಹ್ನ ಒಂದು ಬಟ್ಟಲು ಹಸಿ ಎಲೆ ಮೇಯುತ್ತಿದ್ದ. ಸಂಜೆಗೆ ಏನೂ ಇಲ್ಲ. ಅವರ ಹೊತ್ತಿಗೂ ನಮ್ಮ ಹೊತ್ತಿಗೂ ಹೊಂದದೆ, ಮಧ್ಯಾಹ್ನ ಎರಡರ ಸುಮಾರಿಗೆ ನನ್ನ ಹೊಟ್ಟೆಯಲ್ಲಿ ಏನೋ ತಣ್ಣಗೆ ಜಾರಿದಂತಾಗುತ್ತಿತ್ತು. ಅದೇ ನನ್ನ ಊಟ. ಹಸಿವು ತಡೆಯಲಾರದೆ ನಾನು ಒಬ್ಬಟ್ಟು ತಟ್ಟಿದೆ, ಕೋಡುಬಳೆ ಕರಿದೆ, ಬೆಣ್ಣೆ ಹಾಕಿ ರೊಟ್ಟಿ ತಿಂದೆ. ನಾಲಿಗೆ ಕುಣಿಯುತ್ತಿತ್ತು, ಹೊಟ್ಟೆ ಅಳುತ್ತಿತ್ತು. ತಿಂದದ್ದೆಲ್ಲ ಸಮುದ್ರದಾಚೆ ಗುಸ್ತಾವನ ಹೊಟ್ಟೆ ಸೇರುತ್ತಿತ್ತು.

ಎರಡು ತಿಂಗಳಿಗೆ ಅವನಿಂದ ಒಂದು ಪತ್ರ ಬಂತು. ಪಾಲುದಾರಿಕೆ ಶುರುವಾದಾಗಿನಿಂದ ತಮ್ಮ ಕಡೆ ಅನಿರೀಕ್ಷಿತ ಬೆಳವಣಿಗೆ ಕಂಡುಬಂದಿದೆ ಎಂದು ಬರೆದಿದ್ದ. ಪಂಚಾಕ್ಷರಿ ಅದನ್ನು ಚೌಕಟ್ಟು ಹಾಕಿಸಿ ಮಂಡಳಿಯ ಗೋಡೆಗೆ ತೂಗುಹಾಕಿದ. ಎರಡನೆಯ ಪತ್ರದಲ್ಲಿ ಬೆಳವಣಿಗೆ ಆಗಿರುವುದು ಸೊಂಟದ ಸುತ್ತ, ಪ್ಯಾಂಟು ಹಾಕಲಾಗುತ್ತಿಲ್ಲ ಎಂದು ವಿವರವಾಗಿತ್ತು. ಮೂರನೆಯದರ ಜೊತೆ ಹದಿನಾಲ್ಕು ಪುಟಗಳ ನಿಯಮಾವಳಿ ಬಂತು. ನಾನು ಏನನ್ನು, ಎಷ್ಟು ಗ್ರಾಂ, ಎಷ್ಟು ಹೊತ್ತಿಗೆ ತಿನ್ನಬೇಕೆಂದು ಅದರಲ್ಲಿತ್ತು. ತಟ್ಟೆ ತೂಗಲು ಪಂಚಾಕ್ಷರಿಯನ್ನೇ ನೇಮಿಸಲಾಗಿತ್ತು. ಅವನು ದಿನವೂ ತಕ್ಕಡಿ ಹಿಡಿದು ಬಂದು, ನನ್ನ ಪಾಲಿನ ಬೇಯಿಸಿದ ಸೊಪ್ಪನ್ನು ತೂಗಿ ಕೊಟ್ಟು, ಫೋಟೋ ತೆಗೆದು ಕಳಿಸಿ, ಮನೆಯಲ್ಲಿದ್ದ ಉಳಿದ ತಿಂಡಿ ಕೆಡಬಾರದೆಂದು ತಾನೇ ತಿಂದು ಹೋಗುತ್ತಿದ್ದ. ಅಲ್ಲಿಗೆ ನಾಲಿಗೆಗೂ ಸೊಪ್ಪಾಯಿತು, ಹೊಟ್ಟೆಗೂ ಸೊಪ್ಪಾಯಿತು.

ಹೊರದೇಶದಲ್ಲಿ ವ್ಯಾಪಾರ ಗೆದ್ದವಳೆಂದು ಪತ್ರಿಕೆಯಲ್ಲಿ ನನ್ನ ಫೋಟೋ ಬಂದಾಗ ಬೀದಿಯ ಹೆಂಗಸರು ಬಂದು ಇಷ್ಟು ಸಣ್ಣಗಾದದ್ದು ಹೇಗೆ ಎಂದು ಕೇಳಿದರು. ನ್ಯಾಯವಾಗಿ ಹೇಳಬೇಕೆಂದರೆ ನನ್ನನ್ನು ನೋಡಿ ಊರು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಫೋಟೋ ಬಂದದ್ದೇ ತಡ, ಪಂಚಾಕ್ಷರಿಯ ಮುಂದೆ ಸಾಲು ನಿಂತಿತು. ಕಮ್ಮಾರ ಸಿದ್ಧಲಿಂಗಾಚಾರಿಗೆ ಓಟದ ಹುಚ್ಚಿನವನೊಬ್ಬ ಸಿಕ್ಕ, ದಿನವೂ ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನದವನು. ಸುತ್ತಿಗೆ ಎತ್ತಲು ಆಚಾರಿಯ ಕೈ ನಡುಗತೊಡಗಿತು. ಹಪ್ಪಳದ ಪುಟ್ಟಗೌರಮ್ಮ ಪುಸ್ತಕದಲ್ಲಿ ಮನುಷ್ಯನ ಬದಲು ಕಂಪನಿಯ ಹೆಸರನ್ನೇ ಬರೆಸಿಬಿಟ್ಟಳು. ಆ ಕಂಪನಿಗೆ ಒಂಬತ್ತು ಜನ ನಿರ್ದೇಶಕರು. ಒಂಬತ್ತು ಊಟ ಒಂದೇ ಹೊಟ್ಟೆಗೆ ಬಂದು ಅವಳು ಒಂದು ವಾರ ಗೋಡೆಗೆ ಒರಗಿಯೇ ಇದ್ದಳು. ಆದರೂ ಯಾರು ಕೇಳಿದರೂ ಎಲ್ಲರೂ ಹೇಳುತ್ತಿದ್ದದ್ದು ವ್ಯಾಪಾರ ಜೋರಾಗಿದೆ ಎಂದೇ. ನಾನೂ ಹಾಗೇ ಹೇಳುತ್ತಿದ್ದೆ.

ಆಮೇಲೆ ಗುಸ್ತಾವನಿಗೆ ಜ್ಞಾನೋದಯವಾಯಿತು. ತಾನು ಉಣ್ಣದೆಯೂ ತನ್ನ ಹೊಟ್ಟೆ ತುಂಬುತ್ತಿದೆ ಎಂದ ಮೇಲೆ ತಾನು ಉಣ್ಣುವುದೇಕೆ ಎಂಬ ಪ್ರಶ್ನೆ ಹುಟ್ಟಿತು. ವಾರಕ್ಕೆ ಹನ್ನೊಂದು ಗಂಟೆ ಉಳಿಯುತ್ತದೆಂದು ಅವನ ಕಚೇರಿಯವರು ಲೆಕ್ಕ ಹಾಕಿ ತೋರಿಸಿದರು. ಪತ್ರವನ್ನು ಪಂಚಾಕ್ಷರಿ ನಿಂತುಕೊಂಡು ಓದಿದ. ಶ್ರೀ ಗುಸ್ತಾವ್ ಅವರ ಆಹಾರ ಸೇವನೆಯ ಕಾರ್ಯವನ್ನು ಇನ್ನು ಮುಂದೆ ಸಂಪೂರ್ಣವಾಗಿ ಸ್ಥಳೀಯ ಪಾಲುದಾರರಿಗೆ ವಹಿಸಲಾಗಿದೆ ಎಂದಿತ್ತು.

"ದೊಡ್ಡ ಜವಾಬ್ದಾರಿ ಕೊಟ್ಟಿದಾರೆ ಅಕ್ಕ," ಎಂದ.

"ನಾನು ಅವನಿಗೆ ಉಣ್ತೀನಿ. ನನಗೆ ಯಾರು ಉಣ್ತಾರೆ?"

ಪಂಚಾಕ್ಷರಿ ಪತ್ರವನ್ನು ತಿರುಗಿಸಿ ಹಿಂಬದಿ ನೋಡಿದ. "ಅದನ್ನ ಎರಡನೇ ಹಂತದಲ್ಲಿ ನೋಡ್ತಾರಂತೆ."

ಅಂದಿನಿಂದ ಆ ಹಸಿರು ರಸವೂ ನಿಂತಿತು. ಮಧ್ಯಾಹ್ನ ಎರಡಾಯಿತು, ಮೂರಾಯಿತು, ಹೊಟ್ಟೆಯಲ್ಲಿ ಏನೂ ಜಾರಲಿಲ್ಲ. ಎದುರಿಗೆ ಈಗ ಸೊಪ್ಪಿನ ಬದಲು ಅವನಿಗೆಂದು ತಟ್ಟೆ ತುಂಬ ಅನ್ನ, ನಾನು ತಿನ್ನುತ್ತಲೇ ಇದ್ದೇನೆ, ಹಸಿವು ಹಾಗೇ ಇದೆ. ಎರಡನೆಯ ದಿನ ಕಣ್ಣು ಕತ್ತಲೆ ಬಂತು. ಮೂರನೆಯ ದಿನ ಕೈ ತೊಳೆಯುವಾಗ ಬಳೆಗಳು ತಾವಾಗಿ ಜಾರಿ ಬಚ್ಚಲಿಗೆ ಬಿದ್ದವು. ಕರಾರಿನ ಪ್ರಕಾರ ಮೂರು ವರ್ಷ ನಾನಾಗಿ ಬಿಡುವಂತಿಲ್ಲ. ಬಿಡಬೇಕಾದರೆ ಗುಸ್ತಾವನೇ ಬಿಡಬೇಕು. ಇವನು ಹೀಗೇ ಗಂಟೆ ಉಳಿಸುತ್ತಾ ಹೋದರೆ ನಾನು ಈ ಮನೆಯಲ್ಲಿ ತುಂಬಿದ ತಟ್ಟೆಯ ಮುಂದೆ ಸಾಯುತ್ತೇನೆ ಎಂದು ನನಗೆ ಖಚಿತವಾಯಿತು. ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ತಟ್ಟೆಯನ್ನು ಪಕ್ಕಕ್ಕೆ ತಳ್ಳಿದೆ. ನಮ್ಮೂರಿನವರಿಗೆ ಗೊತ್ತಿರುವ ವಿದ್ಯೆ ಒಂದೇ, ಅದನ್ನೇ ಹಿಡಿದೆ.

ಪಂಚಾಕ್ಷರಿ ತಕ್ಕಡಿಯೊಂದಿಗೆ ಬಂದವನು ನನ್ನ ಬಾಯಿ ಮುಚ್ಚಿರುವುದನ್ನು ನೋಡಿ ಬಿಳಿಚಿಕೊಂಡ. "ಒಂದು ತುತ್ತು ತಿನ್ನಿ ಅಕ್ಕ. ಮಂಡಳಿಯ ಮರ್ಯಾದೆ ಪ್ರಶ್ನೆ."

"ನೀನೇ ಉಣ್ಣಪ್ಪ. ನೀನು ಉಂಡಿದ್ದು ನಿನಗೇ ದಕ್ಕುತ್ತಲ್ಲ."

"ಅಲ್ಲಿ ಗುಸ್ತಾವ್ ಸಾಹೇಬ್ರಿಗೆ ಮೀಟಿಂಗ್ ಇದೆ."

"ಇಲ್ಲಿ ನನಗೆ ಹಸಿವಿದೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಅವನು ಆ ತಟ್ಟೆಯದನ್ನು ತಾನೇ ಉಂಡು ಹೋದ.

ಗುಸ್ತಾವ್ ಉಪವಾಸದಲ್ಲಿ ಪಳಗಿದವನು, ಗೆಲ್ಲುತ್ತಾನೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಒಮ್ಮೆ ನನ್ನ ಒಬ್ಬಟ್ಟು, ರೊಟ್ಟಿ ಕಂಡ ಹೊಟ್ಟೆ ಅದು, ಹಳೆಯ ಅಭ್ಯಾಸ ಮರೆತಿತ್ತು. ನಾನು ಬಾಯಿ ಕಟ್ಟಿದ ಮೂರನೆಯ ದಿನ ಮಧ್ಯಾಹ್ನ ನನ್ನ ಹೊಟ್ಟೆಗೆ ಬಿಸಿಯಾಗಿ ಏನೋ ಬಂದು ಬಿತ್ತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ತನಗೆ ದಕ್ಕದೆಂದು ಗೊತ್ತಿದ್ದೂ ಅವನು ಹಸಿವು ತಾಳಲಾರದೆ ತಿನ್ನತೊಡಗಿದ್ದ. ರುಚಿ ಅವನಲ್ಲೇ ಉಳಿಯುವುದರಿಂದ ಏನೆಂದು ಗೊತ್ತಾಗುವಂತಿರಲಿಲ್ಲ. ಭಾರ ನೋಡಿದರೆ ಮೀನೋ ಮಾಂಸವೋ ಇರಬೇಕು. ನಮ್ಮ ಮನೆತನದಲ್ಲಿ ಯಾರೂ ಮುಟ್ಟದ್ದು. ನನ್ನ ಹೊಟ್ಟೆ ಕುಲ ಗೋತ್ರ ಕೇಳದೆ ತೆಗೆದುಕೊಂಡಿತು, ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಅವನಿಗೆ ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ಮನಸ್ಸಿನಲ್ಲೇ ಉಪಚಾರ ಹೇಳಿದೆ.

ಮುಂದಿನ ವಾರ ಬಿಡುಗಡೆಯ ಪತ್ರ ಬಂತು. ಸ್ಥಳೀಯ ಪಾಲುದಾರರು ಊಟ ಮಾಡುವ ಹೊಣೆಯನ್ನು ನಿರ್ವಹಿಸಲು ವಿಫಲರಾದ್ದರಿಂದ ಕರಾರು ರದ್ದಾಗಿದೆ ಎಂದಿತ್ತು. ಕೆಳಗೆ ಇನ್ನೆರಡು ಸಾಲು. ಬಾಚಣಿಗೆಯ ಹಲ್ಲು ಕೊಯ್ಯುವ ಯಂತ್ರವನ್ನು ಅವರು ಆಗಲೇ ತರಿಸಿಕೊಂಡಿದ್ದರು. ಜೋಡಿ ಗಿಳಿಯ ಗುರುತು ಅಲ್ಲಿನ ಕಾನೂನಿನಂತೆ ಅವರ ಹೆಸರಿಗೇ ದಾಖಲಾಗಿತ್ತು. ನಮ್ಮ ಗಿಳಿಗಳು ಹಾರಿಹೋಗಿ ಅಲ್ಲೇ ಗೂಡು ಕಟ್ಟಿದ್ದವು. ನನಗೆ ಒಂದು ಗಾಜಿನ ಫಲಕ ಕಳಿಸಿದ್ದರು, ಯಶಸ್ವಿ ಪಾಲುದಾರಿಕೆಯ ನೆನಪಿಗೆ ಎಂದು ಅದರ ಮೇಲೆ ಕೊರೆದಿತ್ತು. ಅದನ್ನು ನನ್ನ ಕೈಗೆ ಕೊಡಲು ಪಂಚಾಕ್ಷರಿ ಒಂದು ಸಮಾರಂಭವನ್ನೇ ಮಾಡಿ, ಪಾಲುದಾರಿಕೆ ತನ್ನ ಸಹಜ ಗುರಿಯನ್ನು ತಲುಪಿದೆ ಎಂದು ಭಾಷಣ ಬಿಗಿದ. ಕೇಳಿದವರು ಚಪ್ಪಾಳೆ ತಟ್ಟಿದರು. ಒಂದು ಕೈಯಲ್ಲಿ ತಟ್ಟುವವರೇ ಹೆಚ್ಚಿದ್ದರು, ಇನ್ನೊಂದು ಕೈ ತಲೆ ಕೆರೆಯುತ್ತಿತ್ತು. ಸೀರಣಿಗೆ ಹೊರದೇಶಕ್ಕೆ ಹೋದ ಮೇಲೆ ನಮ್ಮೂರಿಗೆ ಹೇನು ವಾಪಸು ಬಂದಿದ್ದವು.

ಕಚೇರಿಗೆ ಹೋಗಿ ಗುಸ್ತಾವನ ಹೆಸರು ಹೊಡೆಸಿಹಾಕಿ ನಾನು ನೇರ ದೇವೀರಮ್ಮನ ಮನೆಗೆ ಹೋದೆ. ಜಗುಲಿಯ ಮುಂದೆ ಏಳೆಂಟು ಜನ ಸಾಲಾಗಿ ನಿಂತಿದ್ದರು. ಸಾಲು ತಪ್ಪಿಸಿ ಒಳಗೆ ಹೋಗುವ ಮುಖ ನನಗಿರಲಿಲ್ಲ, ನಾನೂ ನಿಂತೆ. ನನ್ನ ಸರದಿ ಬಂದಾಗ ದೇವೀರಮ್ಮ ತಲೆಯೆತ್ತಿ ನೋಡಿದಳು. ಅವಳು ಮೈ ತುಂಬಿಕೊಂಡಿದ್ದಳು, ಕೆನ್ನೆಗೆ ಬಣ್ಣ ಬಂದಿತ್ತು.

"ನಿಂಗೂ ಹೇನಾ?" ಎಂದು ಕೇಳಿದಳು.

"ತಪ್ಪಾಯ್ತು ದೇವೀ," ಎಂದೆ. "ಪುಸ್ತಕದಲ್ಲಿ ನನ್ನೆದುರು ಜಾಗ ಖಾಲಿ ಇದೆ. ನಾಳೆ ಹೋಗಿ ನಿನ್ನ ಹೆಸರು ಬರೆಸೋಣ. ನೀನು ಹೇಳಿದಂಗೆ ಕೇಳ್ತೀನಿ."

ಅವಳು ಮರದ ಪುಡಿಯನ್ನು ಮಡಿಲಿಂದ ಕೊಡವಿದಳು. "ಬೇಡ ಮಂಗಳ. ನಂಗೆ ಸಿಟ್ಟಿಲ್ಲ. ಇಪ್ಪತ್ತೆರಡು ವರ್ಷ ನಾನು ಮಾಡಿದ ಅಡುಗೆ ರುಚಿ ಅಷ್ಟೇ ನಂಗೆ ಗೊತ್ತಿದ್ದಿದ್ದು. ಅದರ ತೃಪ್ತಿ ಏನು ಅಂತ ಈಗ ಗೊತ್ತಾಗಿದೆ. ಅದನ್ನ ಇನ್ನೊಬ್ಬರಿಗೆ ಬಿಟ್ಟುಕೊಡೋಕೆ ಮನಸ್ಸಿಲ್ಲ." ನಾನು ಏನಾದರೂ ಹೇಳುವ ಮೊದಲೇ, "ಬಾ ಒಳಗೆ, ಎಲೆ ಹಾಕ್ತೀನಿ," ಎಂದಳು.

ಎರಡು ಮುದ್ದೆ, ಬಸ್ಸಾರು, ಪಕ್ಕದಲ್ಲಿ ಹಸಿಮೆಣಸಿನಕಾಯಿ. ಮೊದಲ ತುತ್ತಿನ ರುಚಿ ನಾಲಿಗೆಯಲ್ಲಿ ಹರಡಿತು, ಅದೇ ತುತ್ತು ಕೆಳಗಿಳಿದು ನನ್ನದೇ ಹೊಟ್ಟೆಯಲ್ಲಿ ಕೂತಿತು. ಇಪ್ಪತ್ತೆರಡು ವರ್ಷದ ಮೇಲೆ ರುಚಿ ಮತ್ತು ಊಟ ಎರಡೂ ಒಟ್ಟಿಗೆ ನನಗೆ ಸಿಕ್ಕಿದ್ದವು. ಕಣ್ಣಲ್ಲಿ ನೀರು ಬಂತು, ನಾನು ತಡೆಯಲಿಲ್ಲ. ಎರಡನೆಯ ತುತ್ತಿನಿಂದ ನನ್ನ ಕೈ ತನಗೆ ಗೊತ್ತಿದ್ದ ರೀತಿಯಲ್ಲಿ ಓಡತೊಡಗಿತು. ಸಂತೆಯಿಂದ ಸಂತೆಗೆ ತಿರುಗಿದವಳು ನಾನು. ಬಸ್ಸಿನ ಕಂಡಕ್ಟರ್ ಸೀಟಿ ಊದುವುದರೊಳಗೆ ನಿಂತಲ್ಲೇ ನಾಲ್ಕು ಬೋಂಡ ನುಂಗಿ, ಮೆಣಸಿನಕಾಯಿ ಕಚ್ಚಿ, ಬಿಸಿ ಚಹಾ ಸುರಿದುಕೊಂಡು ಓಡುವುದೇ ನನಗೆ ಊಟ. ಅಗಿಯುವ ಪುರುಸೊತ್ತು ನನಗೆ ಎಂದೂ ಇರಲಿಲ್ಲ, ಅಗಿಯದೆ ಇದ್ದುದರಿಂದ ತೊಂದರೆಯೂ ಆಗಿರಲಿಲ್ಲ. ಎರಡು ಮುದ್ದೆ ಐದು ನಿಮಿಷದಲ್ಲಿ ಮುಗಿಯಿತು.

ಕೈ ತೊಳೆದು ಬರುವಷ್ಟರಲ್ಲಿ ಪಕ್ಕೆಲುಬಿನ ಕೆಳಗೆ ಏನೋ ಹಿಂಡಿದಂತಾಯಿತು. ಎದೆಗೆ ಉರಿ ಏರಿತು. ಹುಳಿತೇಗು ಗಂಟಲಿಗೆ ಬಂದು ನಿಂತಿತು, ಹೊಟ್ಟೆ ಉಬ್ಬಿ ಸೊಂಟದಲ್ಲಿ ಸೀರೆ ಬಿಗಿಯಿತು. ನಾನು ಕಂಬ ಹಿಡಿದು ಬಗ್ಗಿ ಕೂತೆ. ದೇವೀರಮ್ಮ ಗಾಬರಿಯಾಗಲಿಲ್ಲ. ಗರಗಸದ ಪಕ್ಕದಲ್ಲೇ ಕೈಗೆಟಕುವಂತಿದ್ದ ಒಂದು ಹಳೆಯ ಭರಣಿಯಿಂದ ಓಮ ತೆಗೆದು, ಅಂಗೈಯಲ್ಲಿ ಉಜ್ಜಿ, ಬಿಸಿನೀರಿಗೆ ಹಾಕಿ ತಂದುಕೊಟ್ಟಳು. ಅಳತೆ ನೋಡದೆ, ಹುಡುಕದೆ, ಕತ್ತೆತ್ತದೆ ಮಾಡಿದಳು.

"ಕುಡಿ," ಎಂದಳು. "ಮೊದಲೆರಡು ವರ್ಷ ಕಷ್ಟ. ಆಮೇಲೆ ಅಭ್ಯಾಸ ಆಗುತ್ತೆ."

ನಾನು ಲೋಟ ಕೆಳಗಿಟ್ಟೆ. "ದಿನಾನೂ ನಿಂಗೆ ಹಿಂಗೇನಾ ಆಗ್ತಿದ್ದಿದ್ದು?" ಎಂದು ಕೇಳಿದೆ.

"ಸಂತೆ ದಿನ ಸ್ವಲ್ಪ ಜಾಸ್ತಿ," ಎಂದು ದೇವೀರಮ್ಮ ಗರಗಸ ಎತ್ತಿಕೊಂಡಳು.